ನಿಮ್ಮ ಬ್ರ್ಯಾಂಡ್ ಹೆಸರಿಗೆ ಪಾಸ್‌ಪೋರ್ಟ್ ಇದೆಯಾ?

ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ. 35 ಸಾವಿರ ಪೌಂಡ್ ಕೊಟ್ಟು ಒಂದು ಹೆಸರು ಕೊಂಡ್ಕೊಂಡ್ರಿ. ಆಮೇಲೆ ಅದೇ ಹೆಸರಿಗೆ ಮತ್ತೆ 6 ಕೋಟಿ ಡಾಲರ್ ಕಟ್ಟಬೇಕಾಗಿ ಬಂತು. ಹೀಗೆ ಕಟ್ಟಿದ್ದು ಆ್ಯಪಲ್. ಹೆಸರು ಐಪ್ಯಾಡ್.

ಪ್ರೋವ್ಯೂ ಅನ್ನೋ ಕಂಪನಿ ಆ ಹೆಸರನ್ನ ಮೊದಲೇ ಹಲವು ದೇಶಗಳಲ್ಲಿ ರಿಜಿಸ್ಟರ್ ಮಾಡಿಸಿತ್ತು. ಅದರ ತೈವಾನ್ ಕಂಪನಿಯಿಂದ ಹಕ್ಕು ಸಿಕ್ತು ಅಂತ ಆ್ಯಪಲ್ ನಿಶ್ಚಿಂತೆಯಾಗಿತ್ತು. ಆದ್ರೆ ಚೀನಾದ ರಿಜಿಸ್ಟ್ರೇಷನ್ ಇದ್ದದ್ದು ಶೆನ್‌ಜೆನ್‌ನ ಇನ್ನೊಂದು ಪ್ರೋವ್ಯೂ ಕಂಪನಿ ಹೆಸರಲ್ಲಿ. ಕೋರ್ಟು, ಕಚೇರಿ ಎಲ್ಲಾ ಆಗಿ 2012ರಲ್ಲಿ ರಾಜಿಯಾಯ್ತು.

ನಮ್ಮ ದೇಶದಲ್ಲೂ ಇಂಥದ್ದೇ ಆಗಿದೆ. ಟೊಯೋಟಾದ ಪ್ರಿಯಸ್ ಕಾರು ಜಪಾನಿನಲ್ಲಿ 1997ರಲ್ಲೇ ಬಂದಿತ್ತು. ಇಲ್ಲಿ ವಾಹನದ ಬಿಡಿಭಾಗ ಮಾಡೋ ಒಂದು ಕಂಪನಿ ಅದೇ ಹೆಸರು ಬಳಸ್ತಿತ್ತು. 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಹೊರಗೆ ಹೆಸರು ಮಾಡಿದ್ರೆ ಸಾಲದು, ಆ ಹೊತ್ತಿಗೆ ಭಾರತದ ಗ್ರಾಹಕರಿಗೂ ಅದು ಗೊತ್ತಿತ್ತು ಅಂತ ತೋರಿಸಬೇಕು. ಟೊಯೋಟಾಗೆ ಅದು ಆಗ್ಲಿಲ್ಲ.

ಅಂದ್ರೆ, ಟ್ರೇಡ್‌ಮಾರ್ಕ್ ಹಕ್ಕು ಆಯಾ ದೇಶದ ಗಡಿಯೊಳಗೆ ಮಾತ್ರ. ನಿಮ್ಮ ಚಟ್ನಿಪುಡಿ ಬ್ರ್ಯಾಂಡ್ ಇಲ್ಲಿ ರಿಜಿಸ್ಟರ್ ಆಗಿದ್ರೂ ದುಬೈನಲ್ಲಿ ಅದಕ್ಕೆ ತಾನಾಗೇ ರಕ್ಷಣೆ ಸಿಗಲ್ಲ. ಅಲ್ಲಿನ ಡಿಸ್ಟ್ರಿಬ್ಯೂಟರ್ ತನ್ನ ಹೆಸರಲ್ಲೇ ಅದನ್ನ ರಿಜಿಸ್ಟರ್ ಮಾಡಿಸ್ಕೊಂಡ್ರೆ, ನಿಮ್ಮ ಸರಕಿಗೆ ನೀವೇ ಅವರ ಅನುಮತಿ ಕೇಳೋ ಸ್ಥಿತಿ ಬರಬಹುದು. ಹಾಗಾಗಿ ಮೊದಲ ಸ್ಯಾಂಪಲ್ ಕಳಿಸೋಕೆ ಮುಂಚೆನೇ ಅರ್ಜಿ ಹಾಕಿ. ಹೆಸರಿನ ಒಡೆತನ ನಿಮ್ಮದೇ ಅಂತ ಒಪ್ಪಂದದಲ್ಲೂ ಬರೆಸಿ.

ಹತ್ತು ದೇಶಕ್ಕೆ ಹತ್ತು ಸಲ ಓಡಾಡ್ಬೇಕಾ? ಬೇಡ. ಮ್ಯಾಡ್ರಿಡ್ ಪ್ರೋಟೋಕಾಲ್ ಅಂತ ಒಂದು ವ್ಯವಸ್ಥೆ ಇದೆ. ಭಾರತ 2013ರಿಂದ ಅದರಲ್ಲಿದೆ, ಯುಎಇ ಕೂಡ ಸೇರಿದೆ. ಇಲ್ಲಿನ ಅರ್ಜಿ ಅಥವಾ ರಿಜಿಸ್ಟ್ರೇಷನ್ ಆಧಾರವಾಗಿಟ್ಟು, ಒಂದೇ ಅರ್ಜಿಯಲ್ಲಿ ಹಲವು ದೇಶ ಆರಿಸ್ಕೋಬಹುದು. ಒಪ್ಪೋದು, ಬಿಡೋದು ಆಯಾ ದೇಶದ ಕಚೇರಿಗೆ ಬಿಟ್ಟದ್ದು. ಇನ್ನೊಂದು ಎಚ್ಚರ: ಮೊದಲ 5 ವರ್ಷದೊಳಗೆ ಇಲ್ಲಿನ ಮೂಲ ಮಾರ್ಕ್ ಬಿದ್ದುಹೋದ್ರೆ ಅಂತರರಾಷ್ಟ್ರೀಯ ರಿಜಿಸ್ಟ್ರೇಷನ್ ಕೂಡ ಬೀಳುತ್ತೆ. ಬುಡ ಗಟ್ಟಿ ಇರಲಿ.

ಈಗ ಪೇಟೆಂಟ್. ಇಲ್ಲಿ ಗಡಿಯಾರನೇ ಯಜಮಾನ. ಭಾರತದಲ್ಲಿ ಅರ್ಜಿ ಹಾಕಿದ 12 ತಿಂಗಳೊಳಗೆ ಹೊರದೇಶದಲ್ಲಿ ಹಾಕಿದ್ರೆ ಮೊದಲಿನ ದಿನಾಂಕನೇ ಲೆಕ್ಕಕ್ಕೆ ಬರುತ್ತೆ. ಟ್ರೇಡ್‌ಮಾರ್ಕ್‌ಗೆ ಈ ಅವಕಾಶ 6 ತಿಂಗಳು ಮಾತ್ರ. ಪಿಸಿಟಿ ದಾರಿ ಹಿಡಿದ್ರೆ, ಯಾವ್ಯಾವ ದೇಶ ಬೇಕು ಅಂತ ತೀರ್ಮಾನಿಸೋಕೆ ಸಾಮಾನ್ಯವಾಗಿ 30 ತಿಂಗಳು ಸಿಗುತ್ತೆ. ಆದ್ರೆ ವಿಶ್ವಕ್ಕೆಲ್ಲ ಒಂದೇ ಪೇಟೆಂಟ್ ಅನ್ನೋದು ಇಲ್ಲ.

ಎರಡು ತಪ್ಪು ಮಾತ್ರ ಮಾಡ್ಬೇಡಿ. ಅರ್ಜಿಗೆ ಮೊದಲೇ ನಿಮ್ಮ ಆವಿಷ್ಕಾರದ ಗುಟ್ಟನ್ನ ರೀಲ್ಸ್‌ನಲ್ಲಿ ತೋರಿಸ್ಬೇಡಿ. ಬಹಳಷ್ಟು ದೇಶಗಳಲ್ಲಿ ಅದು ಹೊಸದಲ್ಲ ಅಂತಾಗಿ ಪೇಟೆಂಟೇ ಸಿಗದೆ ಹೋಗಬಹುದು. ಇನ್ನೊಂದು, ಭಾರತದಲ್ಲಿ ವಾಸ ಇರೋರು ನೇರವಾಗಿ ಹೊರದೇಶದಲ್ಲಿ ಅರ್ಜಿ ಹಾಕೋ ಹಾಗಿಲ್ಲ. ಇಲ್ಲಿ ಹಾಕಿ 6 ವಾರ ಕಾಯಬೇಕು, ಇಲ್ಲವೇ ಪೇಟೆಂಟ್ ಕಚೇರಿಯ ಅನುಮತಿ ಪಡೀಬೇಕು.

ಖರ್ಚು ಇದೆ, ನಿಜ. ಎಲ್ಲಾ ದೇಶಕ್ಕೂ ಹಾಕ್ಬೇಡಿ. ಮಾರೋ ದೇಶ, ಮಾಲು ತಯಾರಾಗೋ ದೇಶ, ಇವೆರಡರಿಂದ ಶುರು ಮಾಡಿ. ಅರ್ಜಿಗೆ ಮೊದಲು ಒಬ್ಬ ಟ್ರೇಡ್‌ಮಾರ್ಕ್ ಅಥವಾ ಪೇಟೆಂಟ್ ಏಜೆಂಟ್ ಹತ್ರ ಕೇಳಿ. ಎಕ್ಸ್‌ಪೋರ್ಟ್ ಕನಸು ಕಾಣ್ತಿರೋ ಗೆಳೆಯರಿಗೆ ಈ ಎಪಿಸೋಡ್ ಕಳಿಸಿ. ಮತ್ತೆ ಸಿಗೋಣ.