ಮೋಟಾರು ಸೈಕಲ್ಲಿನ ಮೇಲೊಂದು ಕೊಡ ನೀರು

ಅರಸೀಕೆರೆ, ಹಳೇಬೀಡು, ಬೇಲೂರು ಎಂದೊಡನೆ ಯಾರಿಗಾದರೂ ಮೊದಲು ನೆನಪಾಗುವುದು ಹೊಯ್ಸಳರ ಶಿಲ್ಪ. ಆದರೆ ಈ ಊರುಗಳ ಚರಿತ್ರೆ ಕಲ್ಲಿನಲ್ಲಿ ಎಷ್ಟಿದೆಯೋ ನೀರಿನಲ್ಲಿಯೂ ಅಷ್ಟೇ ಇದೆ. ಹೊಯ್ಸಳರ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಅರಸೀಕೆರೆಗೆ ಆ ಹೆಸರು ಬಂದಿತೆಂದು ಹೇಳುವುದುಂಟು. ಇಂದಿನ ಹಳೇಬೀಡು ರಾಜಧಾನಿಯಾಗಿ ಮೆರೆದ ಕಾಲದಲ್ಲಿ ಅದರ ಹೆಸರು ದೋರಸಮುದ್ರ. ಸಮುದ್ರವೆಂದರೆ ಅಲ್ಲಿನ ವಿಶಾಲವಾದ ಕೆರೆಯೇ. ಬೇಲೂರಾದರೋ ಯಗಚಿಯ ನೀರನ್ನು ನಂಬಿ ಬೆಳೆದ ಪಟ್ಟಣ. ನೀರಿಲ್ಲದ ಕಡೆ ರಾಜ್ಯ ನಿಲ್ಲದೆಂಬುದನ್ನು ಆ ಅರಸರು ಬಲ್ಲವರಾಗಿದ್ದರು.

ರಾಜ್ಯದ ಮಾತು ಹಾಗಿರಲಿ, ಒಂದು ರಾತ್ರಿಯ ಬಿಡಾರವೂ ನೀರಿಲ್ಲದೆ ನಿಲ್ಲದು. ಬೆನ್ನ ಹಿಂದೆ ಗುಡಾರ ಕಟ್ಟಿಕೊಂಡು ಮೋಟಾರು ಸೈಕಲ್ಲಿನಲ್ಲಿ ಊರು ಸುತ್ತುವ ತರುಣ ತರುಣಿಯರು ಇಂದು ಈ ರಸ್ತೆಗಳಲ್ಲಿ ಅಪರೂಪವಲ್ಲ. 2023ರಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಕಡೆಯ ಆಕರ್ಷಣೆ ಇನ್ನಷ್ಟು ಹೆಚ್ಚಿದೆ. ಬಸ್ಸಿನಲ್ಲಿ ಬಂದವನು ಹೋಟೆಲಿನಲ್ಲಿ ನೀರು ಕುಡಿದಾನು; ಕಾರಿನಲ್ಲಿ ಬಂದವನು ಡಿಕ್ಕಿಯಲ್ಲಿ ದೊಡ್ಡ ಕ್ಯಾನನ್ನೇ ಇಟ್ಟುಕೊಂಡಾನು. ಎರಡು ಗಾಲಿಯ ಸವಾರನಿಗೆ ಮಾತ್ರ ಪ್ರತಿಯೊಂದು ಲೋಟ ನೀರಿನ ತೂಕವೂ ಲೆಕ್ಕಕ್ಕೆ ಬರುತ್ತದೆ.

ಬಯಲಿನಿಂದ ಮಲೆನಾಡಿನ ಅಂಚಿಗೆ

ಅರಸೀಕೆರೆಯಿಂದ ಬಾಣಾವರ, ಜಾವಗಲ್ಲುಗಳನ್ನು ಹಾದು ಹಳೇಬೀಡಿಗೆ, ಅಲ್ಲಿಂದ ಹದಿನಾರು ಕಿಲೋಮೀಟರು ಮುಂದೆ ಬೇಲೂರಿಗೆ ಸಾಗುವ ದಾರಿ ಅರ್ಧ ದಿನದ ಸವಾರಿಯೂ ಅಲ್ಲ. ಆದರೂ ಈ ಅಲ್ಪ ದೂರದಲ್ಲಿಯೇ ನಾಡಿನ ಎರಡು ಮುಖಗಳು ಕಾಣಿಸುತ್ತವೆ. ಅರಸೀಕೆರೆಯ ಸುತ್ತ ತೆಂಗಿನ ತೋಟಗಳೂ ರಾಗಿಯ ಹೊಲಗಳೂ ಕುರುಚಲು ಬೆಳೆದ ಗುಡ್ಡಗಳೂ ಹರಡಿಕೊಂಡಿವೆ. ಮಳೆ ಕೈಕೊಟ್ಟ ವರ್ಷ ಕೆರೆಯ ಅಂಗಳ ಬಿರುಕು ಬಿಡುತ್ತದೆ. ಬೇಲೂರನ್ನು ಸಮೀಪಿಸಿದಂತೆ ಗಾಳಿ ತಣ್ಣಗಾಗುತ್ತದೆ, ಮುಂದೆ ಕಾಫಿಯ ತೋಟಗಳು ಎದುರಾಗುತ್ತವೆ.

ಆದುದರಿಂದ ಬೇಲೂರಿನ ಕಡೆಯಿಂದ ಬರುವ ಸವಾರನಿಗೂ ಅರಸೀಕೆರೆಯ ಕಡೆಯಿಂದ ಹೋಗುವ ಸವಾರನಿಗೂ ಒಂದೇ ನಿಯಮ ಸಲ್ಲದು. ಬಯಲಿನ ಕಡೆಗೆ ಇಳಿಯುವವನು ನೀರನ್ನು ಮೊದಲೇ ತುಂಬಿಕೊಳ್ಳಬೇಕು. ಮಲೆನಾಡಿನ ಕಡೆಗೆ ಏರುವವನು ಹಗುರವಾಗಿ ಹೊರಟರೂ ನಡೆದೀತು. ಚೈತ್ರ ವೈಶಾಖಗಳಲ್ಲಂತೂ ಈ ವಿವೇಕವಿಲ್ಲದಿದ್ದರೆ ಸಂಜೆಯ ವೇಳೆಗೆ ತಲೆನೋವು, ನಾಲಗೆಯ ಒಣಗು, ಕಣ್ಣಿನ ಮಬ್ಬು ಇವು ತಪ್ಪಿದ್ದಲ್ಲ. ಗಾಡಿ ಓಡಿಸುವವನಿಗೆ ಕಣ್ಣು ಮಂಜಾಯಿತೆಂದರೆ ಅದು ಬರಿಯ ಆಯಾಸವಲ್ಲ, ಪ್ರಾಣಕ್ಕೇ ಕುತ್ತು.

ಎಷ್ಟು ನೀರು ಬೇಕು?

ಬಿಸಿಲಿನಲ್ಲಿ ದಿನವಿಡೀ ಸವಾರಿ ಮಾಡುವವನಿಗೆ ಕುಡಿಯಲಿಕ್ಕೆ ಮೂರರಿಂದ ನಾಲ್ಕು ಲೀಟರು, ಅಡಿಗೆಗೆ ಒಂದು, ಮುಖ ತೊಳೆಯಲು ಮತ್ತು ಪಾತ್ರೆ ಬೆಳಗಲು ಇನ್ನೊಂದು: ಹೀಗೆ ತಲೆಗೆ ಐದಾರು ಲೀಟರೆಂದು ಹಿಡಿಯುವುದು ಕ್ಷೇಮ. ಇಬ್ಬರಿಗೆ ಹತ್ತು ಹನ್ನೆರಡು ಲೀಟರಾಯಿತು. ಒಂದು ಲೀಟರು ನೀರಿನ ತೂಕ ಒಂದು ಕಿಲೋಗ್ರಾಂ. ಗುಡಾರ, ಹೊದಿಕೆ, ಪಾತ್ರೆಗಳ ಮೇಲೆ ಇನ್ನೂ ಹನ್ನೆರಡು ಕಿಲೋಗ್ರಾಂ ಹೇರಿದರೆ ಗಾಡಿ ನರಳದೆ ಇರುವುದೇ?

ಆದರೆ ಇಷ್ಟನ್ನೂ ಬೆಳಗಿನಿಂದ ಹೊತ್ತು ತಿರುಗಬೇಕಾದ ಅಗತ್ಯವಿಲ್ಲ. ದಾರಿಯಲ್ಲಿ ಕುಡಿಯಲು ಎರಡು ಮೂರು ಲೀಟರು ಕೈಗೆಟಕುವಂತೆ ಇದ್ದರೆ ಸಾಕು. ದೊಡ್ಡ ಪಾತ್ರೆಗಳು ಬರಿದಾಗಿಯೇ ಬರಲಿ. ಸಂಜೆ ಬಿಡಾರ ಹೂಡುವ ಜಾಗಕ್ಕೆ ಮೊದಲು ಸಿಗುವ ಕಡೆಯ ಊರಿನಲ್ಲಿ ಅವುಗಳನ್ನು ತುಂಬಿಸಿಕೊಂಡರೆ ಭಾರ ಹೊರುವುದು ನಾಲ್ಕಾರು ಕಿಲೋಮೀಟರು ಮಾತ್ರ. ರಾತ್ರಿಯ ಅಡಿಗೆಗೂ ಬೆಳಗಿನ ಕಾಫಿಗೂ ಸೇರಿ ಇಬ್ಬರಿಗೆ ಆರೇಳು ಲೀಟರು ಸಾಕಾಗುತ್ತದೆ. ಒಂದೆರಡು ಲೀಟರು ಆಪತ್ತಿಗೆಂದು ಬೇರೆ ಇರಲಿ.

ಸವಾರನನ್ನು ಮೋಸಗೊಳಿಸುವ ಸಂಗತಿ ಇನ್ನೊಂದಿದೆ. ಎದುರುಗಾಳಿಗೆ ಬೆವರು ಆಗಿಂದಾಗಲೇ ಆರಿಹೋಗುವುದರಿಂದ ಬೆವರಿದ್ದೇ ಅವನಿಗೆ ತಿಳಿಯದು. ಬಿಸಿಲಿನಲ್ಲಿ ದುಡಿಯುವ ಮನುಷ್ಯ, ಎದುರಿಗೆ ನೀರಿದ್ದರೂ, ಕಳೆದುಕೊಂಡಷ್ಟನ್ನು ತಾನಾಗಿ ಕುಡಿಯುವುದಿಲ್ಲವೆಂಬುದನ್ನು ಅಮೆರಿಕದ ಶರೀರಶಾಸ್ತ್ರಜ್ಞ ಎಡ್ವರ್ಡ್ ಅಡಾಲ್ಫ್ ಮತ್ತು ಅವರ ಸಂಗಡಿಗರು ಮರುಭೂಮಿಯಲ್ಲಿ ಪರೀಕ್ಷಿಸಿ 1947ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತೋರಿಸಿಕೊಟ್ಟರು. ಬಾಯಾರಿಕೆಗಾಗಿ ಕಾಯದೆ ಗಂಟೆಗೊಮ್ಮೆ ಗಾಡಿ ನಿಲ್ಲಿಸಿ ಕುಡಿಯುವುದು ಜಾಣತನ. ಉಪ್ಪು ಹಾಕಿದ ನೀರುಮಜ್ಜಿಗೆ ಸಿಕ್ಕಿದರೆ ಇನ್ನೂ ಉತ್ತಮ. ಅರಸೀಕೆರೆಯ ಸೀಮೆಯಲ್ಲಿ ಎಳನೀರಿಗೆ ಬರವಿಲ್ಲ. ಪಾತ್ರೆಯನ್ನೂ ನೀರನ್ನೂ ಒಟ್ಟಿಗೇ ಒದಗಿಸಿ, ತೊಳೆಯುವ ಕೆಲಸವನ್ನೂ ಉಳಿಸಿದ ಪ್ರಕೃತಿಯ ಉಪಕಾರ ಅದು.

ಬುರುಡೆಯಿಂದ ಕ್ಯಾನಿನವರೆಗೆ

ದಾರಿಗೆ ನೀರು ಒಯ್ಯುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ಕುರಿ ಕಾಯುವವರ ಹೆಗಲಿನಲ್ಲಿ ಸೋರೆಬುರುಡೆ ತೂಗುತ್ತಿತ್ತು. ಚರ್ಮದ ತಿತ್ತಿಯಲ್ಲಿ ನೀರು ತುಂಬಿ ಒಯ್ಯುತ್ತಿದ್ದರು. ರೈಲು ಬಂದ ಮೇಲೆ ತಿರುಗಣೆ ಮುಚ್ಚಳದ ಕೂಜಾ ಬಂದಿತು. ಅರಸೀಕೆರೆ ಜಂಕ್ಷನ್ನಿನಂಥ ನಿಲ್ದಾಣಗಳಲ್ಲಿ ಗಾಡಿ ನಿಂತೊಡನೆ ಕೂಜಾ ಹಿಡಿದು ನಲ್ಲಿಯ ಕಡೆಗೆ ಓಡುವುದು ಒಂದು ಕಾಲಕ್ಕೆ ಪ್ರಯಾಣದ ಅಂಗವೇ ಆಗಿತ್ತು.

ಕೂಜಾದ ತಾಮ್ರಕ್ಕೆ ವಿಜ್ಞಾನದ ಸಾಕ್ಷಿಯೂ ಇದೆ. ಹದಿನಾರು ಗಂಟೆಗಳ ಕಾಲ ತಾಮ್ರದ ಪಾತ್ರೆಯಲ್ಲಿ ನಿಂತ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ನಾಶವಾದುದನ್ನು ಬೆಂಗಳೂರಿನ ಸಂಶೋಧಕರು 2012ರಲ್ಲಿ ವರದಿ ಮಾಡಿದರು. ಆದರೆ ಹದಿನಾರು ಗಂಟೆ ಎಂಬುದನ್ನು ಮರೆಯಬಾರದು. ತುಂಬಿದ ತಕ್ಷಣ ನೀರು ಶುದ್ಧವಾಗುವುದಿಲ್ಲ. ಮಜ್ಜಿಗೆ, ನಿಂಬೆಯ ಪಾನಕಗಳಂಥ ಹುಳಿ ಪದಾರ್ಥಗಳನ್ನು ತಾಮ್ರದಲ್ಲಿ ಇಡಲೂ ಬಾರದು.

ತಣ್ಣೀರಿನ ಆಸೆಯುಳ್ಳವರಿಗೆ ಕ್ಯಾನ್ವಾಸಿನ ಚೀಲವಿದೆ. ಹೊರಮೈಯಲ್ಲಿ ಜಿನುಗುವ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ಗುಟ್ಟೂ ಇದೇ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅಷ್ಟು ಶಾಖ ಹೋದರೆ 58 ಗ್ರಾಂ ನೀರು ಹತ್ತು ಡಿಗ್ರಿಯಷ್ಟು ತಣಿಯಬಲ್ಲದು. ಒಣಗಾಳಿಯ ಅರಸೀಕೆರೆಯಲ್ಲಿ ಏಪ್ರಿಲ್ ತಿಂಗಳಿನಲ್ಲಿ ಈ ಚೀಲದ ಮಹಿಮೆ ದೊಡ್ಡದು. ಆಷಾಢದ ಜಡಿಮಳೆಯ ಬೇಲೂರಿನಲ್ಲಿ ಅದು ಬರಿಯ ಒದ್ದೆ ಚೀಲ. ಅಲ್ಲದೆ ತಂಪಿನ ಬೆಲೆಯನ್ನು ನೀರಿನಿಂದಲೇ ತೆರಬೇಕಾದುದರಿಂದ, ಆಪತ್ತಿಗೆ ಕಾದಿಟ್ಟ ನೀರನ್ನು ಅದರಲ್ಲಿ ತುಂಬಬಾರದು.

ಹೇರುವ ಬಗೆ

ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳಾಗಲಿ, ಇಂದಿನ ಹೊಸ ಗಾಡಿಗಳಾಗಲಿ, ಭಾರದ ನಿಯಮ ಎಲ್ಲಕ್ಕೂ ಒಂದೇ. ಭಾರ ತಗ್ಗಿನಲ್ಲಿರಬೇಕು, ಗಾಡಿಯ ನಡುವಿಗೆ ಹತ್ತಿರವಿರಬೇಕು, ಎಡಬಲಗಳಲ್ಲಿ ಸಮನಾಗಿರಬೇಕು. ಹಿಂದಿನ ಕ್ಯಾರಿಯರಿನ ತುದಿಯಲ್ಲಿ ದೊಡ್ಡ ಕ್ಯಾನನ್ನು ಕಟ್ಟಿದರೆ ಮುಂದಿನ ಗಾಲಿ ಹಗುರವಾಗಿ ಹ್ಯಾಂಡಲು ಮಾತು ಕೇಳುವುದಿಲ್ಲ.

ನೀರಿಗೆ ಮೂಟೆಯಲ್ಲಿಲ್ಲದ ಒಂದು ದುರ್ಗುಣವುಂಟು: ಅದು ಅಲುಗುತ್ತದೆ. ಅರ್ಧ ತುಂಬಿದ ಹತ್ತು ಲೀಟರಿನ ಕ್ಯಾನು ತಿರುವಿನಲ್ಲಿ ಗಾಡಿಯನ್ನು ಒಂದು ಕಡೆಗೆ ನೂಕುತ್ತದೆ, ಬ್ರೇಕು ಹಾಕಿದಾಗ ಮುಂದಕ್ಕೆ ತಳ್ಳುತ್ತದೆ. ಒಂದು ದೊಡ್ಡ ಪಾತ್ರೆಗಿಂತ ಎರಡೆರಡು ಲೀಟರಿನ ಹಲವು ಪಾತ್ರೆಗಳು ಲೇಸೆನ್ನುವುದು ಇದಕ್ಕಾಗಿಯೇ. ತುಂಬಿದ ಪಾತ್ರೆ ಅಲುಗದು, ಬರಿದಾದುದು ಭಾರವಾಗದು, ಒಂದು ಒಡೆದರೂ ಉಳಿದವು ಇರುತ್ತವೆ. ಮಡಿಸಬಲ್ಲ ನೀರಿನ ಚೀಲಗಳಾದರೆ ಗಾಳಿಯನ್ನು ಹೊರದೂಡಿ ಬಾಯಿ ಬಿಗಿದರೆ ಅಲುಗಾಟವೇ ಇಲ್ಲ. ಎಡಬಲಗಳ ಚೀಲಗಳಿಂದ ಒಂದಾದ ಮೇಲೊಂದರಂತೆ ತೆಗೆದು ಬಳಸಿದರೆ ಸಮತೂಕವೂ ಉಳಿಯುತ್ತದೆ.

ಪೆಟ್ರೋಲಿನ ಕ್ಯಾನಿಗೂ ನೀರಿನ ಕ್ಯಾನಿಗೂ ನೆಂಟಸ್ತನ ಬೇಡ. ಒಮ್ಮೆ ಎಣ್ಣೆ ಕಂಡ ಪಾತ್ರೆ ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬಾರದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಉತ್ತರ ಆಫ್ರಿಕದ ಮರುಭೂಮಿಯಲ್ಲಿ ಬ್ರಿಟಿಷ್ ಸೈನ್ಯದ ತೆಳು ತಗಡಿನ ಡಬ್ಬಗಳು ದಾರಿಯುದ್ದಕ್ಕೂ ಸೋರುತ್ತಿದ್ದವು. ಜರ್ಮನರ ಇಪ್ಪತ್ತು ಲೀಟರಿನ ಗಟ್ಟಿ ಕ್ಯಾನು ಕೈಗೆ ಸಿಕ್ಕಿದ ಮೇಲೆ ಅದನ್ನೇ ಎಲ್ಲರೂ ಅನುಕರಿಸಿದರು. ಇಂದಿಗೂ ಅದು ಜೆರಿಕ್ಯಾನ್ ಎಂಬ ಹೆಸರಿನಿಂದ ಬಳಕೆಯಲ್ಲಿದೆ.

ಕುದಿಸಿದರೂ ಹೋಗದ ದೋಷ

ಕೆರೆ, ಹಳ್ಳಗಳ ನೀರನ್ನು ಬಟ್ಟೆಯಲ್ಲಿ ಸೋಸಿ, ತಿಳಿಯಾಗಲು ಬಿಟ್ಟು, ಅನಂತರ ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ರೋಗಾಣುಗಳ ಭಯ ತಪ್ಪುತ್ತದೆ. ಕ್ಲೋರಿನ್ ಗುಳಿಗೆ ಹಾಕುವುದಾದರೆ ಅರ್ಧ ಗಂಟೆ ಕಾಯಬೇಕು. ಆದರೆ ಅರಸೀಕೆರೆ ತಾಲ್ಲೂಕಿನ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶ ಮಿತಿಮೀರಿದೆ. ಲೀಟರಿಗೆ ಒಂದು ಮಿಲಿಗ್ರಾಂ ಒಳಗಿರಬೇಕೆಂದೂ, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆಯನ್ನು ಮೀರಬಾರದೆಂದೂ ಭಾರತೀಯ ಮಾನಕ ಹೇಳುತ್ತದೆ. ಕುದಿಸಿದರೆ ಇದು ಹೋಗದು. ನೀರು ಇಂಗಿದಂತೆ ಅದರ ಪ್ರಮಾಣ ಏರುತ್ತದೆ.

ಒಂದು ರಾತ್ರಿ ಕುಡಿದ ಅತಿಥಿಗೆ ಇದರಿಂದ ಅಪಾಯವಿಲ್ಲ. ವರ್ಷಗಟ್ಟಲೆ ಅದನ್ನೇ ಕುಡಿದವರಿಗೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಮೂಳೆ ಕೀಲುಗಳು ಬಿಗಿಯುತ್ತವೆ. ಇದಕ್ಕೆ ಪರಿಹಾರವಾಗಿಯೇ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ತಲೆಯೆತ್ತಿವೆ. ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಘಟಕ ನಡೆಯುತ್ತಿರುವ ಊರಿನಲ್ಲಿ ಸವಾರನು ನೀರು ಹಿಡಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಬಿಡಾರದಲ್ಲಿ

ತಂದ ನೀರನ್ನು ನೆಲದ ಮೇಲಿಡದೆ ಕಲ್ಲಿನ ಮೇಲೆ, ನೆರಳಿನಲ್ಲಿ, ಬಾಯಿ ಮುಚ್ಚಿ ಇಡಬೇಕು. ಕುಡಿಯುವ ಪಾತ್ರೆಗೆ ಒಂದು ಗುರುತು ಕಟ್ಟಿ, ಕೈ ಅದ್ದದೆ ಬಗ್ಗಿಸಿಯೇ ತೆಗೆಯಬೇಕು. ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆಯ ಮೊದಲ ಜಿಡ್ಡನ್ನು ಬೂದಿ ಹಾಕಿ ತೆಗೆದರೆ ಒಂದೆರಡು ತಂಬಿಗೆ ಉಳಿಯುತ್ತದೆ. ಮಲಗುವ ಮುನ್ನ ಬೆಳಗಿನ ಪಾಲನ್ನು ಬೇರೆ ಎತ್ತಿಡುವುದು ಮನೆಯ ಗೃಹಿಣಿಯರು ಬಲ್ಲ ಹಳೆಯ ಪಾಠ.

ಸಂರಕ್ಷಿತ ದೇವಾಲಯಗಳ ಆವರಣ ಬಿಡಾರದ ಜಾಗವಲ್ಲ. ಹಳೇಬೀಡಿನ ಸಮೀಪದ ಹುಲಿಕೆರೆಯಲ್ಲಿ, ಮೆಟ್ಟಿಲುಗಳ ನಡುವೆ ಪುಟ್ಟ ಗುಡಿಗಳನ್ನು ಜೋಡಿಸಿದ ಹೊಯ್ಸಳರ ಕಲ್ಯಾಣಿಯೊಂದಿದೆ. ಅಂಥ ನೀರಿನಲ್ಲಿ ಸಾಬೂನು ಹಚ್ಚುವುದಾಗಲಿ ಪಾತ್ರೆ ಬೆಳಗುವುದಾಗಲಿ ಸಲ್ಲದು. ತೊಳೆಯುವ ಕೆಲಸ ಯಾವಾಗಲೂ ಜಲಾಶಯದಿಂದ ದೂರ, ನೆಲ ಹೀರುವ ಕಡೆ ನಡೆಯಬೇಕು.

ಯಾರ ನೀರು?

2023ರಲ್ಲಿ ಮಳೆ ಸೋತು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. ಮಲೆನಾಡಿನ ನೀರನ್ನು ಬಯಲಿಗೆ ತರುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಗೊಂಡಿತು. ಆ ನೀರಿಗಾಗಿ ಕಾದ ತಾಲ್ಲೂಕುಗಳಲ್ಲಿ ಅರಸೀಕೆರೆಯೂ ಒಂದು. ಇಂಥ ಸೀಮೆಯಲ್ಲಿ ಪ್ರವಾಸಿಗನ ಹತ್ತು ಲೀಟರು ಯಾರದೋ ಮನೆಯ ಒಂದು ಕೊಡ ನೀರೆಂಬುದು ನೆನಪಿರಬೇಕು.

ದಾರಿಹೋಕರಿಗೆ ನೀರು ಕೊಡಲೆಂದು ಅರವಟ್ಟಿಗೆ ಇಡಿಸಿ ಅದಕ್ಕೆ ದತ್ತಿ ಬಿಟ್ಟ ಸಂಗತಿಯನ್ನು ನಾಡಿನ ಶಾಸನಗಳು ಹೇಳುತ್ತವೆ. ಬಾಯಾರಿ ಬಂದವರಿಗೆ ಬೆಲ್ಲ ನೀರು ಕೊಡುವ ಪದ್ಧತಿ ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. “ಅಕ್ಕಾ, ಒಂದಿಷ್ಟು ನೀರು ಹಿಡಿದುಕೊಳ್ಳಬಹುದೇ?” ಎಂದು ಕೇಳಿದರೆ ಇಲ್ಲವೆನ್ನುವವರು ವಿರಳ. ಹಾಗೆಂದೇ ಕೇಳುವವನ ಹೊಣೆ ಹೆಚ್ಚು. ಟ್ಯಾಂಕರಿಗಾಗಿ ಕೊಡಗಳು ಸಾಲುಗಟ್ಟಿ ಕಾದಿರುವ ಊರಿನಲ್ಲಿ ಕ್ಯಾನು ಇಳಿಸದೆ ಮುಂದಿನ ಪಟ್ಟಣಕ್ಕೆ ಸಾಗುವುದು, ನಲ್ಲಿಯಲ್ಲಿ ನೀರು ಬರುತ್ತಿದ್ದರೆ ಮನೆಯವರ ಕೊಡಗಳು ತುಂಬಿದ ಮೇಲೆ ತನ್ನದನ್ನು ಹಿಡಿಯುವುದು, ಬೇಕಾದುದಕ್ಕಿಂತ ಒಂದು ತಂಬಿಗೆಯನ್ನೂ ಹೆಚ್ಚಾಗಿ ಒಯ್ಯದಿರುವುದು ಸವಾರನ ಧರ್ಮ. ಬೆಳಿಗ್ಗೆ ಬಿಡಾರ ಕಿತ್ತ ಮೇಲೆ ಪಾತ್ರೆಯಲ್ಲಿ ನೀರು ಉಳಿದಿದ್ದರೆ ಅದನ್ನು ಚೆಲ್ಲದೆ ಪಕ್ಕದ ಗಿಡದ ಬುಡಕ್ಕೆ ಎರೆದು ಹೊರಡಲಿ.