ತಟ್ಟೆಯ ಮೇಲೆ ಸಿಗುವ ಜೀನಿನ ಸುಳಿವು

ಮುಂಬೈನ ಬೊರಿವಲಿಯಲ್ಲಿ ಸ್ಲೋ ಲೋಕಲ್ ಹತ್ತಿದರೆ ಬಾಂದ್ರಾ ದಾಟಿದೊಡನೆ ಮಾಹಿಮ್. ಅಲ್ಲಿನ ಹಿಂದೂಜಾ ಆಸ್ಪತ್ರೆಯ ಪ್ರಯೋಗಾಲಯದಿಂದ 2010ರ ಮಾರ್ಚ್‌ನಲ್ಲಿ ಪುಟ್ಟದೊಂದು ವರದಿ ಹೊರಬಿತ್ತು. ಬೇರೆ ಔಷಧಗಳು ಕೈಕೊಟ್ಟಾಗ ವೈದ್ಯರು ನೆಚ್ಚುವುದು ಕಾರ್ಬಪೆನೆಮ್ ಇಂಜೆಕ್ಷನ್ನನ್ನು. ಅದಕ್ಕೂ ಬಗ್ಗದ 24 ಬ್ಯಾಕ್ಟೀರಿಯಾ ಮಾದರಿಗಳನ್ನು ಪಾಯಲ್ ದೇಶಪಾಂಡೆ, ಕ್ಯಾಮಿಲಾ ರೋಡ್ರಿಗ್ಸ್ ಮತ್ತು ಸಂಗಡಿಗರು ಜೀನ್ ಹುಡುಕುವ ಪಿಸಿಆರ್ ಪರೀಕ್ಷೆಗೆ ಒಡ್ಡಿದ್ದರು. 22ರಲ್ಲಿ ಎನ್‌ಡಿಎಂ-1 ಜೀನ್ ಸಿಕ್ಕಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆ ಈ ಜೀನಿನ ಬಗ್ಗೆ ಬರೆದಾಗ ದೇಶವೆಲ್ಲ ಗುಲ್ಲೆದ್ದಿತು, ಅದೂ ಹೆಸರಿನಲ್ಲಿ ‘ನ್ಯೂಡೆಲ್ಲಿ’ ಇದೆಯೆಂದು!

ಪಿಸಿಆರ್ ಎಲ್ಲ ಲ್ಯಾಬಿನಲ್ಲೂ ಇರುವುದಿಲ್ಲ. ಔಷಧ ಹೀರಿದ ಕಾಗದದ ಬಿಲ್ಲೆಗಳು ಎಲ್ಲೆಡೆ ಇವೆ. 1966ರಲ್ಲಿ ಬಾವರ್, ಕರ್ಬಿ ಮತ್ತಿತರರು ಆ ಪರೀಕ್ಷೆಗೊಂದು ಶಿಸ್ತು ತಂದರು. ಬ್ಯಾಕ್ಟೀರಿಯಾ ಹರಡಿದ ಅಗಾರ್ ತಟ್ಟೆಯಲ್ಲಿ ಬಿಲ್ಲೆ ಇಟ್ಟು, ರಾತ್ರಿ ಕಳೆದ ಮೇಲೆ ಸುತ್ತ ಎಷ್ಟಗಲ ಬಯಲಾಗಿದೆ ಎಂದು ಅಳೆಯುವುದು. ಅಗಲ ಸಾಕಷ್ಟಿದ್ದರೆ ‘ಎಸ್’, ಅಂದರೆ ಔಷಧಕ್ಕೆ ಬಗ್ಗುತ್ತದೆ; ತೀರಾ ಕಡಿಮೆಯಿದ್ದರೆ ‘ಆರ್’, ಬಗ್ಗುವುದಿಲ್ಲ. ಹಲವು ವರ್ಷ ಓದು ಇಷ್ಟಕ್ಕೇ ನಿಂತಿತ್ತು.

ಬಿಲ್ಲೆಗಳನ್ನು ಜೊತೆಗಿಟ್ಟು ನೋಡಿದವರಿಗೆ ಬೇರೆಯದೇ ಕಂಡಿತು. ಸ್ಟೆಫಿಲೊಕಾಕಸ್ ತಟ್ಟೆಯಲ್ಲಿ ಎರಿತ್ರೊಮೈಸಿನ್ ಮತ್ತು ಕ್ಲಿಂಡಾಮೈಸಿನ್ ಬಿಲ್ಲೆಗಳನ್ನು 15ರಿಂದ 26 ಮಿಲಿಮೀಟರ್ ಅಂತರದಲ್ಲಿಡುತ್ತಾರೆ. ಕ್ಲಿಂಡಾಮೈಸಿನ್ ಸುತ್ತಲಿನ ವೃತ್ತ ಎರಿತ್ರೊಮೈಸಿನ್ ಕಡೆಗೆ ಚಪ್ಪಟೆಯಾಗಿ ಇಂಗ್ಲಿಷಿನ ‘ಡಿ’ ಆಕಾರ ತಳೆದರೆ, ಒಳಗೆ ‘ಇಆರ್‌ಎಂ’ ಜೀನ್ ಅಡಗಿದೆ ಎಂದೇ ಅರ್ಥ. ಬರೀ ವೃತ್ತದ ಅಗಲ ನೋಡಿ ‘ಎಸ್’ ಎಂದು ಬರೆದುಬಿಟ್ಟರೆ, ಆ ಔಷಧ ನಂಬಿದ ರೋಗಿಗೆ ಚಿಕಿತ್ಸೆಯ ನಡುವೆಯೇ ಪೆಟ್ಟು ಬೀಳಬಹುದು. 1988ರಲ್ಲಿ ಫ್ರಾನ್ಸಿನ ಜಾರ್ಲಿಯೆ ಬಳಗ ಔಷಧ ಮುರಿಯುವ ಇಎಸ್‌ಬಿಎಲ್ ಕಿಣ್ವವನ್ನೂ ಹೀಗೆಯೇ ಜೋಡಿ ಬಿಲ್ಲೆಗಳಿಂದ ಹಿಡಿಯಿತು. 1992ರಲ್ಲಿ ಪ್ಯಾಟ್ರಿಸ್ ಕೂರ್ವಲಾಂ ಇದನ್ನೊಂದು ಪದ್ಧತಿಯಾಗಿ ಮಂಡಿಸಿದರು: ಒಂದೊಂದೇ ಔಷಧ ನೋಡಬೇಡಿ, ಇಡೀ ಸಾಲು ಓದಿ ಒಳಗಿನ ತಂತ್ರ ಊಹಿಸಿ.

ಎನ್‌ಡಿಎಂ ವಿಷಯದಲ್ಲಿ ಈ ಓದು ಈಗ ತೀರಾ ಉಪಯುಕ್ತ. ಆ ಜೀನ್ ತಯಾರಿಸುವ ಕಿಣ್ವ ಅಜ್ಟ್ರಿಯೊನಾಮ್ ಔಷಧವನ್ನು ಮುರಿಯಲಾರದು. ಮುರಿಯುವುದು ಜೊತೆಗಿರುವ ಬೇರೆ ಕಿಣ್ವಗಳು. ಅವುಗಳ ಕೈ ಕಟ್ಟುವುದು ಅವಿಬ್ಯಾಕ್ಟಮ್. ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್, ಅಜ್ಟ್ರಿಯೊನಾಮ್ ಎರಡಕ್ಕೂ ಬಿಡಿಬಿಡಿಯಾಗಿ ಬಗ್ಗದ ಬ್ಯಾಕ್ಟೀರಿಯಾ ಎರಡು ಬಿಲ್ಲೆಗಳ ನಡುವೆ ಸತ್ತಿದ್ದರೆ, ಅನುಮಾನ ಎನ್‌ಡಿಎಂ ಮೇಲೆ. ಪತ್ತೆಯ ಜೊತೆ ಚಿಕಿತ್ಸೆಯ ದಾರಿಯೂ ಸಿಕ್ಕಂತೆ.

ಊಹೆ ತಪ್ಪುವುದೂ ಉಂಟು. ಹೊರಪೊರೆಯ ರಂಧ್ರಗಳು ಇಲ್ಲವಾದರೂ ಕಾರ್ಬಪೆನೆಮ್ ಒಳಹೋಗದೆ ‘ಆರ್’ ಬರಬಹುದು, ಎನ್‌ಡಿಎಂ ಇಲ್ಲದೆಯೇ. ಖಚಿತಪಡಿಸಲು ಪಿಸಿಆರ್‌ನಂಥ ಪರೀಕ್ಷೆ ಬೇಕು.

ಮನೆಯವರನ್ನು ಬಡಾವಣೆಯ ನರ್ಸಿಂಗ್ ಹೋಮಿನಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವಾಗ ಡಿಸ್ಚಾರ್ಜ್ ಕಾಗದವೊಂದನ್ನೇ ಒಯ್ಯಬೇಡಿ. ಹಳೆಯ ಕಲ್ಚರ್ ರಿಪೋರ್ಟನ್ನು, ಎಲ್ಲ ಔಷಧಗಳ ‘ಎಸ್’, ‘ಆರ್’ ಸಾಲುಗಳಿರುವ ಪುಟದ ಸಮೇತ, ವೈದ್ಯರ ಕೈಗಿಡಿ; ಜೀನಿನ ಸುಳಿವು ಆ ಸಾಲುಗಳಲ್ಲೇ ಇರಬಹುದು.