ಮಕ್ಕಳು ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ

ನಮ್ಮ ಸಂಘದ ಅನೇಕ ಸಂಸಾರಗಳಲ್ಲಿ ಈಗ ಒಬ್ಬ ಮಗನೋ ಮಗಳೋ ಇಂಗ್ಲೆಂಡಿನಲ್ಲಿದ್ದಾರೆ. ಅವರು ಬಾಡಿಗೆಯ ಮನೆ ಬಿಟ್ಟು ಸ್ವಂತದ್ದೊಂದನ್ನು ಕೊಳ್ಳಹೊರಟಾಗ, ಮುಂಬಯಿ ಪುಣೆಗಳಲ್ಲಿರುವ ತಂದೆತಾಯಿಗಳು ತಮ್ಮಿಂದಾದ ನೆರವು ನೀಡುವುದು ಸಹಜ. ಊರಿನ ಹೊಲ ಮಾರಿದ ಹಣವೋ, ಪ್ರಾವಿಡೆಂಟ್ ಫಂಡಿನ ಗಂಟೋ ಆ ಕಡೆಗೆ ಹೊರಡುತ್ತದೆ. ಆದುದರಿಂದ ಅಲ್ಲಿಯ ಪದ್ಧತಿಯನ್ನು ಹಣ ಕಳಿಸುವವರೂ ಅರಿತಿರುವುದು ಲೇಸು.

ನಮ್ಮಲ್ಲಿ ಸಂಚಕಾರ ಕೊಟ್ಟ ಕೂಡಲೆ ಎರಡೂ ಕಡೆಯವರು ಮಾತಿಗೆ ಕಟ್ಟುಬಿದ್ದರೆಂದು ತಿಳಿಯುತ್ತೇವೆ. ಇಂಗ್ಲೆಂಡು, ವೇಲ್ಸುಗಳಲ್ಲಿ ಹಾಗಲ್ಲ. ಏಜೆಂಟರ ಮೂಲಕ ಬೆಲೆ ಹೇಳಿ, ಮಾಲೀಕ ಒಪ್ಪಿ, ಮನೆಯ ಮುಂದೆ ಹಲಗೆ ನೆಟ್ಟ ಮೇಲೂ ಯಾರು ಬೇಕಾದರೂ ಹಿಂದೆ ಸರಿಯಬಹುದು. ೧೯೮೯ರ ಕಾನೂನಿನಂತೆ ಸ್ಥಿರಾಸ್ತಿಯ ಮಾರಾಟದ ಕರಾರು ಬರವಣಿಗೆಯಲ್ಲಿರಬೇಕು, ಎರಡೂ ಪಕ್ಷದವರ ಸಹಿಯಿರಬೇಕು, ಬಾಯಿಮಾತು ನಡೆಯದು. ಹೆಚ್ಚು ಕೊಡುವವನು ಬಂದನೆಂದು ಮೊದಲಿನವನನ್ನು ಕೈಬಿಡುವುದಕ್ಕೆ ಅಲ್ಲಿ ‘ಗಝಂಪಿಂಗ್’ ಎಂಬ ಹೆಸರೇ ಇದೆ. ಸಭ್ಯತೆಗೆ ಹೆಸರಾದ ಆ ಜನ ಇದನ್ನು ಹೇಗೆ ಸಹಿಸಿಕೊಂಡಿದ್ದಾರೋ! ಸ್ಕಾಟ್ಲೆಂಡಿನ ಕಾನೂನು ಮಾತ್ರ ಬೇರೆ.

ಬೆಲೆ ಒಪ್ಪಿದ ಮೇಲೆ ಸಾಲಿಸಿಟರ್ ಹಕ್ಕುಪತ್ರಗಳನ್ನೂ, ನಗರಸಭೆಯ ದಾಖಲೆಗಳನ್ನೂ, ನೀರು ಚರಂಡಿಗಳ ವಿವರಗಳನ್ನೂ ಪರಿಶೀಲಿಸುತ್ತಾರೆ. ಸರ್ವೇಯರ್ ಬಂದು ಗೋಡೆಯ ತೇವ, ಮಾಡಿನ ದೋಷಗಳನ್ನು ನೋಡುತ್ತಾನೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಬಳಿಕ ಎರಡೂ ಕಡೆಯ ಸಾಲಿಸಿಟರುಗಳು, ಸಾಮಾನ್ಯವಾಗಿ ಟೆಲಿಫೋನಿನಲ್ಲಿಯೇ, ಸಹಿಯಾದ ಕರಾರುಗಳನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ಬೆಲೆಯ ಶೇಕಡಾ ೧೦ರಷ್ಟು ಹಣವನ್ನು ಆಗ ಕೊಡುವುದು ರೂಢಿ. ವ್ಯಾಪಾರ ಗಟ್ಟಿಯಾಗುವುದು ಅಂದೇ. ಅದಕ್ಕೆ ಮುಂಚೆ ಬಾಡಿಗೆ ಮನೆ ಬಿಡುವ ನೋಟೀಸು ಕೊಡಬಾರದು. ಗೃಹಪ್ರವೇಶಕ್ಕೆಂದು ನಾವು ವಿಮಾನದ ಟಿಕೆಟನ್ನೂ ತೆಗೆಸಬಾರದು.

ಹೆತ್ತವರು ಹಣ ಕೊಟ್ಟರೆ ಸಾಲ ಕೊಡುವ ಬ್ಯಾಂಕು ಅವರಿಂದ ಒಂದು ಪತ್ರ ಕೇಳುವುದುಂಟು: ಇದು ಕೊಡುಗೆಯೇ ಹೊರತು ಸಾಲವಲ್ಲ, ಆ ಮನೆಯಲ್ಲಿ ನಮಗೆ ಯಾವ ಹಕ್ಕೂ ಇಲ್ಲ, ಎಂದು. ಓದಲು ಕಹಿಯಾದೀತು. ಮಗನೇ ಹೀಗೆ ಬರೆಸಿಕೊಂಡನೆಂದು ಮುನಿಯಬೇಡಿ. ಅದು ಬ್ಯಾಂಕಿನ ಬೇಡಿಕೆ. ಆದರೆ ಸಹಿ ಹಾಕಿದ ಮೇಲೆ ಆ ಹಣ ತಿರುಗಿ ಬರುವುದೆಂದು ನಂಬಿ ಕೂರುವಂತಿಲ್ಲ. ಮುಪ್ಪಿಗೆ ಬೇಕಾದುದನ್ನು ತೆಗೆದಿಟ್ಟು ಮಿಕ್ಕುದನ್ನು ಕೊಡುವುದೇ ಮೇಲೆಂದು ನನ್ನ ಅಭಿಪ್ರಾಯ.

ಪ್ರೀತಿಯಿಂದ ಮಾಡಿದ್ದು ತೆರಿಗೆಯಲ್ಲಿ ತೊಡಕಾಗುವುದೂ ಉಂಟು. ಧಾರವಾಡದ ಮನೆಗೋ ಮಾಟುಂಗದ ಫ್ಲಾಟಿಗೋ ಮಗನ ಹೆಸರನ್ನು ಎಂದೋ ಸೇರಿಸಿರುತ್ತೇವೆ. ಇಂಗ್ಲೆಂಡಿನ ಸ್ಟಾಂಪ್ ತೆರಿಗೆಯಾದರೋ ಜಗತ್ತಿನ ಯಾವ ಮೂಲೆಯ ಮನೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ೨೦೨೫ರ ಏಪ್ರಿಲ್ ೧ರಿಂದ ಜಾರಿಗೆ ಬಂದ ದರದಂತೆ, ಎಂದೂ ಎಲ್ಲಿಯೂ ಮನೆ ಹೊಂದಿರದ ಅಲ್ಲಿಯ ನಿವಾಸಿ ತನ್ನ ವಾಸಕ್ಕೆ ೪ ಲಕ್ಷ ಪೌಂಡಿನ ಮನೆ ಕೊಂಡರೆ ತೆರಿಗೆ ೫,೦೦೦ ಪೌಂಡು. ಊರಿನ ಮನೆಯಲ್ಲಿ ೪೦,೦೦೦ ಪೌಂಡು ಅಥವಾ ಹೆಚ್ಚು ಬೆಲೆಯ ಪಾಲು ಅವನ ಹೆಸರಿನಲ್ಲಿದ್ದರೆ ಅದೇ ಮನೆಗೆ ೩೦,೦೦೦! ಮೊದಲ ಮನೆಯ ರಿಯಾಯಿತಿ ತಪ್ಪುತ್ತದೆ. ಮೇಲಾಗಿ ಎರಡನೆಯ ಮನೆಯೆಂದು ಪೂರ್ತಿ ಬೆಲೆಗೆ ಶೇಕಡಾ ೫ ಅಧಿಕ ಬೀಳುತ್ತದೆ. ಹೆಂಡತಿಯ ಹೆಸರಿನಲ್ಲಿರುವ ಮನೆಯೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳದು. ಮುಚ್ಚಿಡುವ ಆಸೆ ಬೇಡ. ಸಾಲಿಸಿಟರಿಗೆ ಮೊದಲೇ ತಿಳಿಸಬೇಕು.

ಫ್ಲಾಟು ಕೊಳ್ಳುವವರು ಲೀಸಿನ ಅವಧಿ ನೋಡಿಕೊಳ್ಳಬೇಕು. ಅಲ್ಲಿ ಫ್ಲಾಟುಗಳು ಬಹುಮಟ್ಟಿಗೆ ಗೇಣಿಯವು. ೮೦ ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಎಚ್ಚರ.

ಮನೆ ಕೈಸೇರಿದ ಮೇಲೆ ಹಿರಿಯರು ಕೇಳುವ ಮೊದಲ ಪ್ರಶ್ನೆ, ‘ಪತ್ರ ಎಲ್ಲಿಟ್ಟಿದ್ದೀಯಪ್ಪಾ?’ ಟ್ರಂಕಿನಲ್ಲಿಡುವಂಥ ಪತ್ರ ಅಲ್ಲಿಲ್ಲ. ೧೮೬೨ರಲ್ಲಿ ಸ್ಥಾಪನೆಯಾದ ಲ್ಯಾಂಡ್ ರಿಜಿಸ್ಟ್ರಿಯ ದಾಖಲೆಯೇ ಹಕ್ಕಿಗೆ ಆಧಾರ. ಜಮೀನಿನ ಸರ್ಟಿಫಿಕೇಟು ಕೊಡುವ ಪದ್ಧತಿ ೨೦೦೩ರಲ್ಲಿಯೇ ನಿಂತಿತು.

ಇನ್ನು ನಮ್ಮ ಕಡೆಯ ನಿಯಮ. ರಿಸರ್ವ್ ಬ್ಯಾಂಕಿನ ಉದಾರೀಕೃತ ಯೋಜನೆಯಡಿ ಒಬ್ಬೊಬ್ಬರು ಆರ್ಥಿಕ ವರ್ಷಕ್ಕೆ ೨,೫೦,೦೦೦ ಡಾಲರಿನವರೆಗೆ ಹೊರದೇಶಕ್ಕೆ ಕಳಿಸಬಹುದು. ಇಂಥ ಹಣ ೧೦ ಲಕ್ಷ ರೂಪಾಯಿ ಮೀರಿದರೆ, ಮೀರಿದ ಭಾಗಕ್ಕೆ ಬ್ಯಾಂಕು ಶೇಕಡಾ ೨೦ರಷ್ಟನ್ನು ಮುಂಗಡವಾಗಿ ವಸೂಲು ಮಾಡುತ್ತದೆ. ಆದಾಯ ತೆರಿಗೆಯಲ್ಲಿ ಅದನ್ನು ವಜಾ ಮಾಡಿಕೊಳ್ಳಬಹುದು. ಹೊಲದ ಕ್ರಯಪತ್ರ, ಪಾಸ್‌ಬುಕ್ಕುಗಳ ನಕಲುಗಳನ್ನು ಮೊದಲೇ ತೆಗೆಸಿಡಿ. ಹಣ ಎಲ್ಲಿಂದ ಬಂತೆಂದು ಅಲ್ಲಿಯ ಸಾಲಿಸಿಟರು ಕೇಳುವರು.